ಕಾಲಕ್ಕೊಂದು ಸೂತ್ರ

ದಿನಕ್ಕಿಷ್ಟು ಪುಟ, ವಾರಕ್ಕಿಷ್ಟು ಚಿತ್ರ ಎಂಬ ಗುರಿಗಿಂತ, ಕಾಲಕ್ಕೊಂದು ವಿಷಯಸೂತ್ರ, ಎಂದರೆ ಒಂದು ಮಳೆಗಾಲದ ಅಥವಾ ಚಳಿಗಾಲದ ಓದು, ಚಿಂತನೆ ಮತ್ತು ರಚನೆಗಳನ್ನು ಒಂದೇ ದಿಕ್ಕಿಗೆ ತಿರುಗಿಸುವ ಸ್ವಂತ ಆಯ್ಕೆಯ ಎಳೆ, ಸೃಜನಶೀಲ ಅಭ್ಯಾಸಕ್ಕೆ ಹೆಚ್ಚು ಬಾಳಿಕೆಯ ಆಧಾರವಾಗಬಲ್ಲದು. ಏಕೆಂದರೆ ಗುರಿ ಒಂದು ದಿನ ತಪ್ಪಿದರೂ ಸೋಲಿನ ಲೆಕ್ಕಕ್ಕೆ ಸೇರುತ್ತದೆ, ಸೂತ್ರವಾದರೋ ಮರುದಿನವೂ ದಾರಿ ತೋರುತ್ತಲೇ ಇರುತ್ತದೆ. ತುಳುನಾಡಿನ ಯಕ್ಷಗಾನದಲ್ಲಿ ಇಂಥ ಕಾಲಕ್ರಮ ಸಹಜವಾಗಿಯೇ ನೆಲೆಗೊಂಡಿದೆ: ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಸುಮಾರಿಗೆ, ಮೇಳಗಳ ತಿರುಗಾಟ ಮುಗಿಯುತ್ತದೆ, ಬಳಿಕ ಮಳೆಗಾಲದಲ್ಲಿ, ವೇಷ ಕುಣಿತಗಳಿಲ್ಲದೆ ಭಾಗವತರ ಹಾಡು ಮತ್ತು ಅರ್ಥಧಾರಿಗಳ ಆಶುಮಾತುಗಳಿಂದ ಕಥೆ ಕಟ್ಟುವ ತಾಳಮದ್ದಳೆಯ ಕೂಟಗಳು ಹೆಚ್ಚುತ್ತವೆ. ಬಯಲಿನ ಆಟಕ್ಕೆ ಮಳೆ ಬಿಡುವು ಕೊಟ್ಟ ಕಾಲವೇ ಮಾತಿನ ಕಲೆ ಹರಿತಗೊಳ್ಳುವ ಕಾಲವೂ ಆಯಿತೆಂಬುದು ಗಮನಾರ್ಹ. ಬರಹಗಾರರಾಗಲಿ ಚಿತ್ರಕಾರರಾಗಲಿ ಒಂದು ಮಳೆಗಾಲಕ್ಕೆ ‘ನೀರು’ ಅಥವಾ ‘ಮರುಓದು’ ಎಂಬಂಥ ಸೂತ್ರವೊಂದನ್ನು ಆಯ್ದುಕೊಂಡು, ಹೊಸ ಕೆಲಸ ಎದುರಾದಾಗಲೆಲ್ಲ ಅದು ಸೂತ್ರಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಿದರೆ, ಯಾವುದನ್ನು ಈಗಲೇ ಕೈಗೆತ್ತಿಕೊಳ್ಳಬೇಕು, ಯಾವುದನ್ನು ಮುಂದಿನ ಕಾಲಕ್ಕೆ ಬಿಡಬೇಕು ಎಂಬ ನಿರ್ಧಾರ ಸುಲಭವಾಗುತ್ತದೆ, ಚದುರಿದ ಶ್ರಮವೂ ಒಂದೆಡೆ ಕೂಡಿಬರುತ್ತದೆ.