ಎರಡು ನಿಮಿಷದ ವಿಮಾನಯಾನ

ಊರಿಗೆ ಹೊರಟವರನ್ನು 'ಎಷ್ಟು ದೂರ?' ಎಂದು ಕೇಳುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು, 'ಎಷ್ಟು ಹೊತ್ತು?' ಎಂದು ಕೇಳುವುದು ಇಂದಿನವರ ವಾಡಿಕೆ. ಈ ಎರಡು ಪ್ರಶ್ನೆಗಳಿಗೂ ಜಗತ್ತಿನಲ್ಲಿಯೇ ಅತಿ ಚಿಕ್ಕ ಉತ್ತರ ಕೊಡಬಲ್ಲ ನಿಯತ ವಿಮಾನಮಾರ್ಗವೊಂದು ಯುರೋಪಿನ ಉತ್ತರದ ಅಂಚಿನಲ್ಲಿದೆ.

ಸ್ಕಾಟ್ಲೆಂಡಿನ ಉತ್ತರದ ಸಮುದ್ರದಲ್ಲಿ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳಿಗೆ ಒಂದೊಂದು ಪುಟ್ಟ ವಿಮಾನ ನಿಲ್ದಾಣವುಂಟು. ಅವುಗಳ ನಡುವಣ ಅಂತರ ಸುಮಾರು 2.7 ಕಿಲೋಮೀಟರ್; ವೇಳಾಪಟ್ಟಿಯಲ್ಲಿ ನಮೂದಿಸಿರುವ ಅವಧಿ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದರೆ ಅಷ್ಟೂ ಬೇಕಿಲ್ಲ, 53 ಸೆಕೆಂಡುಗಳಲ್ಲಿ ತಲುಪಿದ ದಾಖಲೆಯಿದೆ. ಒಲೆಯ ಮೇಲಿಟ್ಟ ಚಹಾದ ನೀರು ಕುದಿಯುವ ಮುನ್ನವೇ ಇನ್ನೊಂದು ದ್ವೀಪ!

ಇದನ್ನು ಮೊದಲು ಓದಿದಾಗ ನಾವೂ ನಕ್ಕೆವು. ಇಷ್ಟು ದೂರವನ್ನು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ನಡೆದೇ ಹೋಗುತ್ತಾರಲ್ಲವೇ? ಆದರೆ ಅಲ್ಲಿ ನಡುವೆ ಇರುವುದು ಕಡಲು. ಮೇಲಾಗಿ ಆ ಎರಡು ನಿಮಿಷಕ್ಕೆಂದೇ ಯಾರೂ ವಿಮಾನ ಬಿಟ್ಟಿಲ್ಲ. 1967ರಲ್ಲಿ ಆರಂಭವಾದ ಲೋಗನ್‌ಏರ್ ಸಂಸ್ಥೆಯ ಈ ಸೇವೆ ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ನಿಂದ ಹೊರಡುತ್ತದೆ. ತಾಲ್ಲೂಕು ಕೇಂದ್ರದಿಂದ ಹೊರಟ ಬಸ್ಸು ಎರಡು ಹಳ್ಳಿಗಳಲ್ಲಿ ನಿಂತು ಮರಳುವಂತೆಯೇ ಇದೂ ಕೂಡ. ಒಬ್ಬ ಚಾಲಕ, ಎಂಟು ಪ್ರಯಾಣಿಕರು, ಅಷ್ಟೇ. ಚಾಲಕನ ಪಕ್ಕದ ಆಸನದಲ್ಲಿ ಪ್ರಯಾಣಿಕರೊಬ್ಬರು ಕುಳಿತುಕೊಳ್ಳುವುದೂ ಉಂಟು.

ಹಡಗಿನಲ್ಲಿ ಹೋಗುವವರಿಗೆ ಕರ್ಕ್‌ವಾಲ್‌ನಿಂದ ವೆಸ್ಟ್ರೇಗೆ ಒಂದೂವರೆ ಗಂಟೆಯಷ್ಟು ಹಿಡಿಯುತ್ತದೆ. ಅಲ್ಲಿಂದ ಸಣ್ಣ ದೋಣಿಯಲ್ಲಿ ಪಾಪಾ ವೆಸ್ಟ್ರೇಗೆ ಮತ್ತೆ ಅರ್ಧ ಗಂಟೆಯ ಪಯಣ. ವಿಮಾನವಾದರೋ ಕರ್ಕ್‌ವಾಲ್‌ನಿಂದ ನೇರವಾಗಿ ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಆಸ್ಪತ್ರೆಯಿರುವುದು ಕರ್ಕ್‌ವಾಲ್‌ನಲ್ಲಿ. ದೊಡ್ಡ ತರಗತಿಗಳ ಮಕ್ಕಳು ಓದಬೇಕಾದುದೂ ಅಲ್ಲಿಯೇ. ಹೊರ ದ್ವೀಪಗಳ ಮಕ್ಕಳು ವಾರವೆಲ್ಲ ವಸತಿ ನಿಲಯದಲ್ಲಿದ್ದು ವಾರಾಂತ್ಯಕ್ಕೆ ಮನೆಗೆ ಮರಳುತ್ತಾರೆ. ಮಂಜು ಕವಿದರೆ ವಿಮಾನವಿಲ್ಲ, ಕಡಲು ಕೆರಳಿದರೆ ದೋಣಿಯಿಲ್ಲ. ಅಂಥ ಶುಕ್ರವಾರಗಳಲ್ಲಿ ಬಾಗಿಲಲ್ಲಿ ನಿಂತ ತಾಯಿಗೆ ಎರಡು ನಿಮಿಷದ ದಾಖಲೆಯಿಂದ ಆಗಬೇಕಾದುದೇನು? ಮಕ್ಕಳನ್ನು ದೂರದ ವಸತಿ ಶಾಲೆಗಳಲ್ಲಿ ಬಿಟ್ಟಿರುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟಿಕೆಟಿನ ಹಣದಿಂದಲೇ ಇಂಥ ಸೇವೆ ನಡೆಯಲಾರದು. ಸ್ಥಳೀಯ ಆಡಳಿತ ಸಹಾಯಧನ ನೀಡುತ್ತದೆ. ನೂರು ಜನರೂ ಇಲ್ಲದ ದ್ವೀಪಕ್ಕೆ ಇಷ್ಟೊಂದು ವೆಚ್ಚವೇ ಎಂದು ಯಾರಾದರೂ ಕೇಳಬಹುದು. ಪಾಪಾ ವೆಸ್ಟ್ರೇಯಲ್ಲಿ 2001ರಲ್ಲಿ 65 ಜನರಿದ್ದರು, 2011ರ ಗಣತಿಯ ವೇಳೆಗೆ 90 ಆದರು. ಸಂಪರ್ಕ ಕಡಿದಿದ್ದರೆ ಎಳೆಯ ಮಕ್ಕಳಿರುವ ಕುಟುಂಬಗಳೇ ಮೊದಲು ಊರು ಬಿಡುತ್ತಿದ್ದವು ಎಂದು ನಮಗೆ ತೋರುತ್ತದೆ. ಆ ವೆಚ್ಚ ವ್ಯರ್ಥವೆನ್ನಲು ನಮಗೆ ಮನಸ್ಸು ಬಾರದು.

ದಾಖಲೆಯ ಹಾರಾಟಕ್ಕೆಂದೇ ಬರುವ ಪ್ರವಾಸಿಗಳಿಗೆ ಪ್ರಮಾಣಪತ್ರ ಕೊಡುವ ರೂಢಿಯೂ ಇದೆ. ಕಾಗದವನ್ನು ಜೇಬಿಗಿಳಿಸಿ ಹಾಗೆಯೇ ಮರಳುವವರನ್ನು ಕಂಡರೆ ಮರುಕವಾಗುತ್ತದೆ. ಐದು ಸಾವಿರ ವರ್ಷಗಳಿಗೂ ಹಿಂದಿನ 'ನ್ಯಾಪ್ ಆಫ್ ಹೋವರ್' ಎಂಬ ಕಲ್ಲಿನ ಮನೆಗಳು ಅದೇ ದ್ವೀಪದ ಕಡಲ ದಂಡೆಯಲ್ಲಿ ಗೋಡೆಗಳ ಸಮೇತ ಇಂದಿಗೂ ನಿಂತಿವೆ.

ಬ್ರಿಟನ್ನಿನಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಓದುಗ ಬಂಧುಗಳಿಗೆ ಅಲ್ಲಿಗೆ ಹೋಗುವ ಮನಸ್ಸಾದರೆ, ಮೊದಲು ಎಡಿನ್‌ಬರೋದಂಥ ನಗರದಿಂದ ಕರ್ಕ್‌ವಾಲ್ ತಲುಪಬೇಕು. ಆಸನಗಳು ಎಂಟೇ ಆದುದರಿಂದ ಮುಂಚಿತವಾಗಿ ಕಾಯ್ದಿರಿಸಿ, ಹವೆ ಕೆಟ್ಟರೆ ಇರಲೆಂದು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು.