ಒಗೆದ ನೀರು ಯಾರ ಪಾಲಿಗೆ?

1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ ಸಂಗತಿ ದೇಶವನ್ನೇ ಕಲಕಿತು. ಕೊಳ್ಳುವ ವಸ್ತುವಿನಲ್ಲಿ ಏನಿದೆಯೆಂದು ವಿಚಾರಿಸುವುದು ಶ್ರಾವಕರಿಗೆ ಅನಿವಾರ್ಯವಾಯಿತು. ಸಾಬೂನಿನಲ್ಲಿಯೂ ಪ್ರಾಣಿಜನ್ಯ ಕೊಬ್ಬು ಇರಬಹುದೆಂದು ಅರಿತವರು ಈಗ ಅಂಟುವಾಳ, ಸೀಗೆಕಾಯಿಗಳಿಂದ ಮನೆಯಲ್ಲಿಯೇ ಬಟ್ಟೆ ಒಗೆಯುವ ದ್ರವವನ್ನು ಸಿದ್ಧಪಡಿಸಿಕೊಳ್ಳುತ್ತಿದ್ದಾರೆ. ಇದು ಶ್ಲಾಘ್ಯವೇ. ಆದರೆ ‘ಇದು ನೈಸರ್ಗಿಕ, ಆದುದರಿಂದ ಅಹಿಂಸಾತ್ಮಕ’ ಎಂಬ ಸಮಾಧಾನವನ್ನು ಒಪ್ಪಲಾಗದು. ಮನೆಯೊಳಗೆ ಬರುವುದನ್ನು ಪರೀಕ್ಷಿಸುವ ನಾವು ಮನೆಯಿಂದ ಹೊರಗೆ ಹರಿಯುವುದನ್ನು ಪರೀಕ್ಷಿಸುತ್ತಿಲ್ಲ.

ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಅದರ ಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೇ ನಮ್ಮ ದೇಶದಲ್ಲಿತ್ತು. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿಸುವುದು ನಮ್ಮ ಆಚಾರ. ಅದೇ ಕೈ ಅಂಟುವಾಳದ ನೀರನ್ನು ಕೆರೆಗೆ ಸುರಿದರೆ ಆಚಾರಕ್ಕೆ ಅರ್ಥವೇನು?

ಪ್ರಾಚೀನ ಶಿಲಾದೇವಾಲಯಗಳಿಗೆ ಹೆಸರಾದ ಶಹಾಪುರ ತಾಲೂಕಿನ ಶಿರವಾಳದಂತಹ ಬಯಲುಸೀಮೆಯ ಊರುಗಳನ್ನು ನೆನೆಯಿರಿ. ಬೇಸಿಗೆಯ ಉರಿಯಲ್ಲಿ ಬೀದಿನಾಯಿಗೂ ಕರುವಿಗೂ ಬಚ್ಚಲಿನಿಂದ ಹರಿದು ನಿಂತ ನೀರೇ ಪಾನ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಕುಡಿಯುವ ನೀರನ್ನು ಕೆಡಿಸುವುದು ಅದನ್ನು ಕಸಿದುಕೊಳ್ಳುವುದಕ್ಕಿಂತ ಹೇಗೆ ಭಿನ್ನ?

ಮನೆಯ ಬೆಕ್ಕಿನ ಪಾಡೂ ಇಷ್ಟೇ. ಅದು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿ. ಬಟ್ಟೆಯಿಂದ ರೋಮಕ್ಕೆ ಅಂಟಿದ್ದೆಲ್ಲವೂ ಅದರ ಹೊಟ್ಟೆಗೆ ಸೇರುತ್ತದೆ. ಸುವಾಸನೆಗೆಂದು ಬೆರೆಸುವ ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆಗಳೂ ಸಸ್ಯಜನ್ಯವೇ. ಆದರೂ ಬೆಕ್ಕಿನ ಯಕೃತ್ತು ಅವುಗಳನ್ನು ಸುಲಭವಾಗಿ ಕರಗಿಸಲಾರದು. ಕಪ್ಪುರ, ನುಸಿಗುಳಿಗೆಗಳು ನಾಯಿಗೂ ವಿಷವೇ. ಗಾಢವಾದ ಸೋಡಾ ನೀರು ನಾಲಿಗೆಯನ್ನೇ ಸುಡುತ್ತದೆ.

‘ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯ’ ಎಂದು ಕೆಲವರು ವಾದಿಸಬಹುದು. ಒಗೆಯುವುದು ಅನಿವಾರ್ಯವೆಂಬುದು ದಿಟ. ಆದರೆ ಪ್ರಮಾದ ಅನಿವಾರ್ಯವಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಕಂಡದ್ದು ಪ್ರಮಾದದಲ್ಲಿಯೇ.

ಮಾಡಬೇಕಾದುದು ಕಷ್ಟವಲ್ಲ. ಬೀಜ ತೆಗೆದ ಹತ್ತು ಹನ್ನೆರಡು ಅಂಟುವಾಳವನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ಮುಚ್ಚಿ ನೆನೆಯಿಟ್ಟು, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ ಸೋಸಿರಿ. ಸುಗಂಧತೈಲ ಬೇಡ. ಬೇಗ ಹುಳಿಯುವುದರಿಂದ ಎರಡು ಮೂರು ದಿನಕ್ಕಾಗುವಷ್ಟನ್ನೇ ಮಾಡಿರಿ. ದ್ರವವನ್ನೂ ಚರಟವನ್ನೂ ಪ್ರಾಣಿಗಳಿಗೆ ಎಟುಕದಂತೆ ಇರಿಸಿರಿ; ನಾಯಿ ತಿಂದರೆ ವಾಂತಿಯಾಗುತ್ತದೆ. ಬಟ್ಟೆಯನ್ನು ಎರಡು ಬಾರಿ ಜಾಲಿಸಿರಿ. ಒಗೆದ ನೀರು ಬಾವಿ, ಕೆರೆ, ಕಲ್ಯಾಣಿಗಳಿಂದ ದೂರದ ಒಣನೆಲದಲ್ಲಿ ಇಂಗಲಿ. ಪಕ್ಕದಲ್ಲಿಯೇ ಪ್ರಾಣಿಗಳಿಗೆಂದು ಒಂದು ತೊಟ್ಟಿ ಶುದ್ಧ ನೀರಿರಲಿ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ಹಿರಿದು. ಯಾತ್ರಿನಿವಾಸದ ಹಾಸುಹೊದಿಕೆ ಒಗೆದ ನೀರಿಗೆ ಇಂಗುಗುಂಡಿ ತೋಡಿಸಿದ ಮೇಲೆಯೇ ಗೋಡೆಯ ಮೇಲೆ ‘ಅಹಿಂಸಾ ಪರಮೋ ಧರ್ಮಃ’ ಎಂದು ಬರೆಯಿಸಲಿ.