ಅಟ್ಟದ ಮೇಲಿನ ಟ್ರಂಕುಗಳು

ಪಾಳುಬಿದ್ದ ಹುಚ್ಚಾಸ್ಪತ್ರೆಗಳ ಒಳಗೆ ಟಾರ್ಚು ಹಿಡಿದು ಅಲೆಯುವುದು ಹೊರದೇಶಗಳಲ್ಲಿ ಕೆಲವರಿಗೆ ಒಂದು ಹವ್ಯಾಸವೇ ಆಗಿದೆ. ಅವರು ತೆಗೆದ ಚಿತ್ರಗಳನ್ನು ನಮ್ಮ ಒಂಬತ್ತನೇ ತರಗತಿಯ ಮಕ್ಕಳೂ ಮೊಬೈಲಿನಲ್ಲಿ ನೋಡುತ್ತಾರೆ. ಸುಣ್ಣ ಉದುರಿದ ಗೋಡೆ, ತುಕ್ಕು ಹಿಡಿದ ಮಂಚ, ಬಾಗಿಲಿಲ್ಲದ ಬಚ್ಚಲುಮನೆ, ಜೊತೆಗೆ ಎದೆ ನಡುಗಿಸುವ ಸಂಗೀತ. "ಅಲ್ಲಿ ದೆವ್ವ ಇದೆಯಂತೆ ಟೀಚರ್" ಎನ್ನುತ್ತಾರೆ. ಬದುಕಿದ್ದಾಗ ಮನುಷ್ಯರೆಂದು ಎಣಿಸದೆ ಕೂಡಿಹಾಕಿದವರನ್ನು ಸತ್ತ ಮೇಲೆ ದೆವ್ವ ಮಾಡಿ ಕುಣಿಸುವುದು ಯಾವ ನ್ಯಾಯ?

ಅಂಥ ಕಟ್ಟಡಗಳಲ್ಲಿ ನಿಜವಾಗಿ ಏನಿರುತ್ತದೆ ಎಂದು ತಿಳಿಯಬೇಕಾದರೆ ಅಮೆರಿಕದ ವಿಲ್ಲರ್ಡ್ ಆಸ್ಪತ್ರೆಯ ಕಥೆ ಕೇಳಬೇಕು. ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಂಡೆಯಲ್ಲಿ ಅದು 1869ರಲ್ಲಿ ತೆರೆಯಿತು. ಕಟ್ಟಿಸಿದವರು ಕಟುಕರಲ್ಲ. ಬಡವರ ಆಶ್ರಯಮನೆಗಳಲ್ಲಿ ಕೊಳೆಯುತ್ತಿದ್ದ ಮನೋರೋಗಿಗಳನ್ನು ಬಿಡಿಸಿ ತರಲೆಂದೇ ಕಟ್ಟಿಸಿದರು. ಆದರೆ ಕರುಣೆಯಿಂದ ಕಟ್ಟಿದ ಮನೆ ಉಗ್ರಾಣವಾಗಲು ಬಹಳ ಕಾಲ ಬೇಕಾಗಲಿಲ್ಲ. 1995ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿಗೆ ಬಂದವರು 50,000ಕ್ಕೂ ಹೆಚ್ಚು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲೇ ಸತ್ತರು.

ಮುಚ್ಚುವಾಗ ಒಂದು ಕಟ್ಟಡದ ಅಟ್ಟ ಹತ್ತಿ ನೋಡಿದ ನೌಕರರಿಗೆ ಕಂಡದ್ದು ದೆವ್ವವಲ್ಲ. 400ಕ್ಕೂ ಹೆಚ್ಚು ಟ್ರಂಕುಗಳು, ಸೂಟ್‌ಕೇಸುಗಳು. ಒಳಗೆ ಬಟ್ಟೆಬರೆ, ಫೋಟೋ, ಕಾಗದಪತ್ರ, ಸೂಜಿದಾರ, ಅಲಾರಂ ಗಡಿಯಾರ. ಸಾಯಲು ಹೊರಟವರು ಯಾರಾದರೂ ಅಲಾರಂ ಗಡಿಯಾರ ಕಟ್ಟಿಕೊಂಡು ಹೋಗುತ್ತಾರೆಯೇ? ಅವರೆಲ್ಲ ಹಿಂದಿರುಗುತ್ತೇವೆ ಎಂದುಕೊಂಡೇ ಹೊರಟವರು.

ಡಾರ್ಬಿ ಪೆನ್ನಿ ಮತ್ತು ಪೀಟರ್ ಸ್ಟಾಸ್ನಿ ಎಂಬ ಇಬ್ಬರು ಈ ಪೆಟ್ಟಿಗೆಗಳನ್ನೂ ಆಸ್ಪತ್ರೆಯ ದಾಖಲೆಗಳನ್ನೂ ಜೋಡಿಸಿ ನೋಡಿ 2008ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಒಬ್ಬ ಹೆಂಗಸು. ಕುಡುಕ ಗಂಡನ ಕೈಯಲ್ಲಿ ನುಗ್ಗಾಗಿ, ಹೊಲಿಗೆಯಿಂದ ಹೊಟ್ಟೆ ಹೊರೆದವಳು. ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಬಾಡಿಗೆ ಮನೆಯವರು ದೂರಿದ್ದೇ ಸಾಕಾಯಿತು, 1930ರಲ್ಲಿ ಒಳಗೆ ಹೋದಳು. ಇನ್ನೊಬ್ಬ ಕಪ್ಪು ಜನಾಂಗದ ಮಾಜಿ ಸೈನಿಕ. ಹೋಟೆಲಿನಲ್ಲಿ ಒಡೆದ ತಟ್ಟೆಯಲ್ಲಿ ಊಟ ಕೊಟ್ಟರೆಂದು ರೇಗಿ ಬೀದಿಯಲ್ಲಿ ಕೂಗಾಡಿದ. ಮುಂದಿನ ಬದುಕೆಲ್ಲ ಆಸ್ಪತ್ರೆಗಳಲ್ಲೇ ಕಳೆಯಿತು. ಬಳಲಿದವಳು ಮಲಗಿದರೆ ರೋಗ, ಅವಮಾನಗೊಂಡವನು ಸಿಟ್ಟಾದರೂ ರೋಗ!

ಸತ್ತವರಿಗೂ ಹೆಸರು ದಕ್ಕಲಿಲ್ಲ. ಅಲ್ಲಿನ ಸ್ಮಶಾನದಲ್ಲಿ 5,700ಕ್ಕೂ ಹೆಚ್ಚು ಸಮಾಧಿಗಳು, ಗುರುತಿಗೆ ಬರೀ ನಂಬರು. ಅವುಗಳಲ್ಲಿ ಸುಮಾರು 1,500 ಗುಂಡಿ ತೋಡಿದ ಲಾರೆನ್ಸ್ ಮೋಚಾ ಸ್ವತಃ ಅಲ್ಲಿನ ರೋಗಿ. 1968ರಲ್ಲಿ ತೀರಿಕೊಂಡ ಅವನ ಹೆಸರಿನ ಫಲಕ ಅಲ್ಲಿ ನಿಂತದ್ದು 2015ರಲ್ಲಿ.

'ಅದು ಅಮೆರಿಕ, ಅವರಿಗೆ ಸಂಬಂಧಗಳ ಬೆಲೆ ಗೊತ್ತಿಲ್ಲ' ಎಂದು ಮೂಗು ಮುರಿಯಬೇಡಿ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಂಥ ಟ್ರಂಕಿಲ್ಲ? ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನಾನು ಕಂಡಿದ್ದೇನೆ. "ಅಮ್ಮ ಎಲ್ಲಿ?" ಎಂದರೆ ಮಗು ಹೇಳಿಕೊಟ್ಟ ಪಾಠ ಒಪ್ಪಿಸುತ್ತದೆ, "ಊರಿಗೆ ಹೋಗಿದ್ದಾಳೆ." ವರ್ಷ ಕಳೆದರೂ ಅಮ್ಮ ಊರಿನಿಂದ ಬರುವುದಿಲ್ಲ. ಅದೇ ಗಂಡಸಿಗೆ ಕಾಯಿಲೆಯಾದರೆ ಹೆಂಡತಿ ಸೆರಗು ಬಿಗಿದು ಸೇವೆಗೆ ನಿಲ್ಲಬೇಕು. ಹೆಂಡತಿಗಾದರೆ 'ಮೊದಲೇ ಹೇಳದೆ ಮೋಸ ಮಾಡಿದರು' ಎಂದು ತವರಿಗೆ ಅಟ್ಟುತ್ತಾರೆ. ತವರಿನಲ್ಲಿ ತಂಗಿಯ ಮದುವೆಗೆ ಅಡ್ಡಿಯಾದಾಳೆಂದು ಅಲ್ಲಿಂದಲೂ ಸಾಗಹಾಕುತ್ತಾರೆ.

'ಮನೆಯಲ್ಲಿಟ್ಟುಕೊಂಡು ನೋಡಿ, ಗೊತ್ತಾಗುತ್ತದೆ' ಎನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆ ಭಾರವೂ ಬೀಳುವುದು ಹೆಂಗಸಿನ ಹೆಗಲಿಗೇ. ಆಸ್ಪತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಔಷಧಿ ಬೇಕು, ವೈದ್ಯರು ಬೇಕು, ಅಗತ್ಯವಿದ್ದರೆ ಅಲ್ಲಿ ಕೆಲವು ದಿನ ಇರಲೂಬೇಕು. ಆದರೆ ಸೇರಿಸುವುದು ಬೇರೆ, ಬಿಟ್ಟುಬರುವುದು ಬೇರೆ. ಜ್ವರಕ್ಕೆ ಸೇರಿಸಿದ ಮಗಳನ್ನು ಜ್ವರ ಬಿಟ್ಟ ಮೇಲೆ ಕರೆತರುವುದಿಲ್ಲವೇ?

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಮನೆಯವರಿಲ್ಲ, ಅಥವಾ ಮನೆಯವರು ಒಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅಂಥವರಿಗೆ ಸಮಾಜದ ನಡುವೆಯೇ ಬದುಕಲು ಆಶ್ರಯತಾಣಗಳನ್ನು ಒದಗಿಸುವುದು ಸರ್ಕಾರದ ಹೊಣೆ. ರಸ್ತೆಗೆ, ನಲ್ಲಿ ನೀರಿಗೆ ಅರ್ಜಿ ಹಿಡಿದು ಕಚೇರಿಗೆ ಹೋಗುವ ನಮ್ಮ ಮಹಿಳಾ ಸಮಾಜಗಳು ಈ ಮನೆಗಳನ್ನೂ ಕೇಳಬೇಕು. ಕೊಡುವವರೆಗೂ ಕೇಳಬೇಕು.

ಸರ್ಕಾರ ಮಾಡಲಾಗದ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಮದುವೆಮನೆಯಲ್ಲಿ, ಅರಿಶಿನ ಕುಂಕುಮಕ್ಕೆ ಹೋದಲ್ಲಿ ಸೀರೆ ಒಡವೆ ವಿಚಾರಿಸುವ ನಾವು, ಎಲ್ಲರೂ ಹೆಸರೆತ್ತಲು ಅಂಜುವ ಆ ಮಗಳನ್ನೋ ಸೊಸೆಯನ್ನೋ ಹೆಸರು ಹಿಡಿದೇ ವಿಚಾರಿಸೋಣ. ಕೆದಕುವುದಕ್ಕಲ್ಲ, ಅಕ್ಕರೆಯಿಂದ. "ಹೇಗಿದ್ದಾಳೆ? ಯಾವಾಗ ಕರೆದುಕೊಂಡು ಬರುತ್ತೀರಿ? ನಾನೂ ಜೊತೆಗೆ ಬರಲೇ?"